ಅವರಿಗೆ ಮಳೆ ಬಾರದ ವರ್ಷ

2024ರ ಮೇ ತಿಂಗಳಿಗೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತು. ಆದರೆ ಕೊಡಗಿನ ಸುಂಟಿಕೊಪ್ಪದ ಬಳಿಯ ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಬೇರೆಯೇ ಇತ್ತು. ಮಾವನವರ ಕಾಲದಲ್ಲಾಗಲಿ ನಮ್ಮ ಕಾಲದಲ್ಲಾಗಲಿ ಕಂಡರಿಯದ ಧಾರಣೆ ರೋಬಸ್ಟಾ ಚೆರಿಗೆ, ಅಂದರೆ ಸಿಪ್ಪೆ ಸಹಿತ ಒಣಗಿಸಿದ ರೋಬಸ್ಟಾ ಕಾಫಿ ಹಣ್ಣಿಗೆ, ಬಂದಿತ್ತು. ವರ್ಷಗಟ್ಟಲೆ 50 ಕೆ.ಜಿ. ಚೀಲಕ್ಕೆ ಮೂರು, ಮೂರೂವರೆ ಸಾವಿರದ ಸುತ್ತಲೇ ಸುಳಿದಾಡುತ್ತಿದ್ದ ಬೆಲೆ ಹತ್ತು ಸಾವಿರದ ಹತ್ತಿರಕ್ಕೆ ಏರಿದಾಗ, ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಸೇರುತ್ತಿದ್ದ ಅಕ್ಕಪಕ್ಕದ ಬೆಳೆಗಾರರೆಲ್ಲ ಒಂದೇ ಕಾರಣ ಹೇಳುತ್ತಿದ್ದರು: ವಿಯೆಟ್ನಾಂನಲ್ಲಿ ಬರ. ಜಗತ್ತಿನಲ್ಲೇ ಅತಿ ಹೆಚ್ಚು ರೋಬಸ್ಟಾ ಬೆಳೆಯುವ ದೇಶದಲ್ಲಿ ಮಳೆ ಕೈಕೊಟ್ಟಿದೆ, ಅಲ್ಲಿನ ಹಲವು ರೈತರು ಕಾಫಿ ಕಿತ್ತು ದುರಿಯನ್ ಹಣ್ಣಿನ ಗಿಡ ಹಾಕುತ್ತಿದ್ದಾರೆ, ಆದ್ದರಿಂದ ನಮ್ಮ ಚೀಲಕ್ಕೆ ಬೆಲೆ ಬಂದಿದೆ. ಅಷ್ಟು ದೂರದ ಒಂದು ಊರಿನ ಮೋಡ ನಮ್ಮ ಬ್ಯಾಂಕಿನ ಪುಸ್ತಕದ ಮೇಲೆ ಪರಿಣಾಮ ಬೀರುತ್ತದೆ ಎಂಬುದು ತೋಟದ ಲೆಕ್ಕ ಬರೆಯುವ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಊರನ್ನು ಒಮ್ಮೆ ನೋಡಬೇಕು ಎಂಬ ಮಾತು ಬಂದದ್ದು ಇವರ ಬಾಯಿಂದ, ಅದೂ ವಾರ್ಷಿಕೋತ್ಸವದ ಊಟಕ್ಕೆ ಕುಳಿತಿದ್ದಾಗ.

ನೆಂಟರೆಲ್ಲ ಸ್ವಿಟ್ಜರ್‌ಲ್ಯಾಂಡಿಗೆ ಹೋಗಿ ಎಂದಿದ್ದರು. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎಂದು ಕರೆದು ಮಂಜು ನೋಡಲು ವಾರಾಂತ್ಯಕ್ಕೊಮ್ಮೆ ನುಗ್ಗುವ ಜನರ ನಡುವೆ ಬದುಕುವ ನಾವು ಮತ್ತೆ ಮಂಜನ್ನೇ ನೋಡಲು ಅಷ್ಟು ದೂರ ಹೋಗುವುದು ನನಗೂ ಸರಿಕಾಣಲಿಲ್ಲ. ವಿಯೆಟ್ನಾಂ, ಅದಕ್ಕೆ ಅಂಟಿಕೊಂಡ ಲಾವೋಸ್, ಕೆಳಗಿನ ಕಾಂಬೋಡಿಯಾ ಎಂದು ಮೂರು ದೇಶಗಳನ್ನು ಒಂದೇ ಸುತ್ತಿನಲ್ಲಿ ನೋಡುವುದೆಂದು ನಿಶ್ಚಯಿಸಿದೆವು. ಮೇ ತಿಂಗಳಲ್ಲಿ ಅಲ್ಲಿ ಸೆಕೆ, ಅದರ ಹಿಂದೆಯೇ ಮಳೆ. ನಮ್ಮಲ್ಲೂ ಮಳೆಗಾಲ ಮುಗಿಯುವವರೆಗೆ ಮನೆ ಬಿಟ್ಟು ಹೊರಡುವಂತಿಲ್ಲ. ರೋಬಸ್ಟಾ ಕುಯ್ಲು ಶುರುವಾಗುವುದು ಜನವರಿಯಲ್ಲಿ. ಹಾಗಾಗಿ ನವೆಂಬರ್‌ನ ಎರಡನೆಯ ವಾರ ಹೊರಟು ಹುತ್ತರಿ ಹಬ್ಬದೊಳಗೆ ಮನೆ ಸೇರಬೇಕೆಂದು ಲೆಕ್ಕ ಹಾಕಿದೆವು. ಬೆಳ್ಳಿಹಬ್ಬಕ್ಕೆ ಆರು ತಿಂಗಳು ವಯಸ್ಸಾಗಿತ್ತು ಎನ್ನುವುದನ್ನು ಬಿಟ್ಟರೆ ಬೇರೆ ತೊಂದರೆಯಿರಲಿಲ್ಲ.

ತಯಾರಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರಲ್ಲಿ ನಾನು ಮಾಡಿದ ತಪ್ಪು ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದೀತು. ಇವರ ಪಾಸ್‌ಪೋರ್ಟಿನ ಅವಧಿ ಮುಗಿಯಲು ಐದು ತಿಂಗಳಷ್ಟೇ ಉಳಿದಿತ್ತು. ಪ್ರವೇಶದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಇರಬೇಕಾದ್ದರಿಂದ ಸುಮಾರು ನೂರು ಕಿಲೋಮೀಟರು ದೂರದ ಮೈಸೂರಿಗೆ ಹೋಗಿ ನವೀಕರಣಕ್ಕೆ ಕೊಟ್ಟು, ಪೊಲೀಸ್ ಪರಿಶೀಲನೆ ಮುಗಿದು ಹೊಸ ಪುಸ್ತಕ ಅಂಚೆಯಲ್ಲಿ ಬರುವವರೆಗೆ ಕಾದೆವು. ನಂತರ ವೀಸಾ. ಪಟ್ಟಣದ ಒಬ್ಬ ಏಜೆಂಟರು ಹೇಳಿದ ಶುಲ್ಕ ಕೇಳಿ, ಇಷ್ಟನ್ನು ನಾನೇ ಮಾಡಬಲ್ಲೆ ಎಂದು ಕಂಪ್ಯೂಟರಿನ ಮುಂದೆ ಕುಳಿತೆ. ವಿಯೆಟ್ನಾಂ ಇ-ವೀಸಾ ಕೊಡುತ್ತದೆ. 2023ರ ಆಗಸ್ಟ್‌ನಿಂದ ಅದರ ಅವಧಿ 90 ದಿನಗಳವರೆಗೆ ಇರುತ್ತದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ ಪ್ರವೇಶಕ್ಕೆ 50 ಡಾಲರ್. ಯಾವ ವಿಮಾನ ನಿಲ್ದಾಣದಿಂದ ಅಥವಾ ಯಾವ ಗಡಿಯಿಂದ ಒಳಗೆ ಬರುತ್ತೀರಿ ಎಂಬುದನ್ನೂ ಅರ್ಜಿಯಲ್ಲಿ ತುಂಬಬೇಕು. ಹೆಸರನ್ನು ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲುಗಳಲ್ಲಿ ಇರುವಂತೆಯೇ, ಮನೆಹೆಸರು ಸಹಿತ, ಒಂದಕ್ಷರ ಆಚೀಚೆಯಾಗದಂತೆ ಬರೆದೆ. ಫೋಟೊ ಸರಿಯಾಗಿ ಬರದೆ ಮೂರು ಸಲ ತೆಗೆಸಿದೆ. ಇಷ್ಟೆಲ್ಲ ಜಾಗ್ರತೆ ಮಾಡಿದವಳು ಕಡಿಮೆ ಶುಲ್ಕದ ಆಸೆಗೆ ಒಂದು ಸಲದ ಪ್ರವೇಶವನ್ನೇ ಆರಿಸಿ ಹಣ ಕಟ್ಟಿಬಿಟ್ಟೆ.

ತಪ್ಪು ಹಿಡಿದವರು ನಮ್ಮ ಅತ್ತೆ. ಎಂಬತ್ತೆರಡು ವರ್ಷದ ಅವರು ಮೈಸೂರಿನಿಂದಾಚೆಗೆ ಹೋದವರಲ್ಲ. ನಾವು ಎಲ್ಲಿಗೆ ಹೋಗುತ್ತೇವೆಂದು ತಿಳಿಯಬೇಕೆಂದು ಕೇಳಿದಾಗ ಮೊಮ್ಮಗನ ಹಳೆಯ ಅಟ್ಲಾಸ್ ತೆಗೆದು, ಹನೋಯಿಯಲ್ಲಿ ಇಳಿದು, ಅಲ್ಲಿಂದ ಲಾವೋಸ್, ಅಲ್ಲಿಂದ ಕಾಂಬೋಡಿಯಾ, ಮತ್ತೆ ದಕ್ಷಿಣ ವಿಯೆಟ್ನಾಂ ಎಂದು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, “ಇದೇ ಮನೆಗೆ ಎರಡು ಸಲ ಹೋದ ಹಾಗಾಯಿತಲ್ಲ, ಒಂದು ಸಲ ಕೇಳಿದರೆ ಸಾಕೇನು?” ಎಂದರು. ನನ್ನ ಕೈ ಅಟ್ಲಾಸಿನ ಮೇಲೆಯೇ ನಿಂತಿತು. ಮೊದಲು ಕಟ್ಟಿದ 50 ಡಾಲರ್ ವಾಪಸು ಬರುವಂಥದ್ದಲ್ಲ. ಇಬ್ಬರಿಗೂ ಹಲವು ಪ್ರವೇಶದ ಹೊಸ ಅರ್ಜಿ ಹಾಕಲು ಇನ್ನೂ 100 ಡಾಲರ್ ಹೋಯಿತು. ಏಜೆಂಟರ ಶುಲ್ಕ ಉಳಿಸಲು ಹೋದ ಕಥೆಯನ್ನು ಇವರು ಇಂದಿಗೂ ಮರೆತಿಲ್ಲ.

ಕಾಂಬೋಡಿಯಾಕ್ಕೂ ಇ-ವೀಸಾ ಮೊದಲೇ ಮಾಡಿಸಿದೆವು. ಲಾವೋಸಿನದು ವಿಮಾನ ನಿಲ್ದಾಣದಲ್ಲಿಯೇ, ಡಾಲರ್ ಮತ್ತು ಫೋಟೊ ಕೊಟ್ಟು ಪಡೆಯುವಂಥದ್ದು. ಈ ದೇಶಗಳಲ್ಲಿ ಮಡಿಕೆ ಬಿದ್ದ, ಶಾಯಿ ತಾಗಿದ ಡಾಲರ್ ನೋಟು ತೆಗೆದುಕೊಳ್ಳುವುದಿಲ್ಲ ಎಂದು ಮಗ ಎಚ್ಚರಿಸಿದ್ದರಿಂದ ಹೊಸ ನೋಟುಗಳನ್ನು ಹಳೆಯ ಡೈರಿಯೊಂದರ ಹಾಳೆಗಳ ನಡುವೆ, ಹೂವು ಒಣಗಿಸುವ ಹಾಗೆ, ಇಟ್ಟುಕೊಂಡೆವು. ಅಷ್ಟು ಮಾಡಿಯೂ ಒಂದು ಇಪ್ಪತ್ತರ ನೋಟಿನ ಅಂಚು ಉಗುರಿನಷ್ಟು ಹರಿದದ್ದು ನಮ್ಮ ಗಮನಕ್ಕೆ ಬರಲಿಲ್ಲ. ಅದನ್ನು ಮೂರು ದೇಶಗಳಲ್ಲಿ ಯಾರೂ ಮುಟ್ಟಲಿಲ್ಲ. ಈಗ ದೇವರ ಕೋಣೆಯ ಡ್ರಾಯರಿನಲ್ಲಿದೆ.

ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿ ಹನೋಯಿ ತಲುಪಿದೆವು. ಅಲ್ಲಿ ಮೊದಲು ಕಲಿಯಬೇಕಾದದ್ದು ರಸ್ತೆ ದಾಟುವುದು. ಸಾವಿರಾರು ಬೈಕುಗಳು ನಿಲ್ಲದೆ ಹರಿಯುತ್ತಿರುತ್ತವೆ. ಓಡಬಾರದು, ನಿಲ್ಲಬಾರದು, ಹಿಂದೆ ಸರಿಯಬಾರದು; ಒಂದೇ ವೇಗದಲ್ಲಿ ನಡೆದರೆ ಅವರೇ ಬಳಸಿಕೊಂಡು ಹೋಗುತ್ತಾರೆ. ಇವರು ನನ್ನ ಕೈ ಹಿಡಿದು ನಡೆದದ್ದು ಎಷ್ಟೋ ವರ್ಷಗಳ ನಂತರ, ಅದು ಪ್ರೀತಿಗೋ ಭಯಕ್ಕೋ ಎಂದು ನಾನು ಕೇಳಲಿಲ್ಲ.

ಹೋವಾನ್ ಕಿಯೆಂ ಸರೋವರದ ಹತ್ತಿರದ ಕಿರಿದಾದ ಮೆಟ್ಟಿಲು ಹತ್ತಿ ಮೊಟ್ಟೆ ಕಾಫಿ ಕುಡಿದೆವು. 1946ರಲ್ಲಿ ಹಾಲಿಗೆ ಕೊರತೆಯಿದ್ದಾಗ ಹನೋಯಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದವರೊಬ್ಬರು ಮೊಟ್ಟೆಯ ಹಳದಿಯನ್ನು ಸಕ್ಕರೆಯೊಂದಿಗೆ ನೊರೆ ಬರುವಂತೆ ಕಡೆದು ಕಾಫಿಯ ಮೇಲೆ ಹಾಕಿದ್ದೇ ಇದರ ಆರಂಭ. ಬಿಸಿನೀರಿನ ಬಟ್ಟಲಲ್ಲಿ ಲೋಟವನ್ನು ಇಟ್ಟು ತಂದುಕೊಟ್ಟರು. ವಾಸನೆ ಬರುತ್ತದೆಂದು ಹೆದರಿದ್ದ ನನಗೆ ಅದು ಕಾಫಿಯ ಮೇಲೆ ತೇಲುವ ಸಿಹಿತಿಂಡಿಯಂತೆ ರುಚಿಸಿತು. ಇವರಿಗೆ ಹೆಚ್ಚು ಹಿಡಿಸಿದ್ದು ‘ಫಿನ್’ ಎಂಬ ಪುಟ್ಟ ಅಲ್ಯೂಮಿನಿಯಂ ಸೋಸುಕ: ಲೋಟದ ಮೇಲೆ ಕೂರಿಸಿ, ಪುಡಿ ಹಾಕಿ ಬಿಸಿನೀರು ಸುರಿದರೆ ಹನಿ ಹನಿಯಾಗಿ ಕಡುಕಪ್ಪು ಡಿಕಾಕ್ಷನ್ ಇಳಿಯುತ್ತದೆ, ಕೆಳಗೆ ಮಂದ ಹಾಲು ಕಾದಿರುತ್ತದೆ. ಅಪ್ಪಟ ರೋಬಸ್ಟಾ. ನಾವು ಬೆಳೆದದ್ದರಲ್ಲಿ ಬಹುಪಾಲನ್ನು ಇಟಲಿ ಮೊದಲಾದ ದೇಶಗಳಿಗೆ ಸಾಗಿಸಿ, ಮನೆಯಲ್ಲಿ ಚಿಕೋರಿ ಬೆರೆಸಿದ ಪುಡಿಯನ್ನೋ ಬೆಲ್ಲದ ಕಾಫಿಯನ್ನೋ ಕುಡಿಯುವವರು. ಇಲ್ಲಿ ಬೀದಿಬದಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತ ಕೂಲಿಯವನೂ ತನ್ನ ದೇಶದ ರೋಬಸ್ಟಾವನ್ನೇ ಅರ್ಧ ಗಂಟೆ ಹೀರುತ್ತಾನೆ. ಅದನ್ನು ನೋಡಿ ಇವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಲ್ಲಿಯ ಬೆಳಗಿನ ಸಂತೆಯಲ್ಲಿ ಅಂಟಕ್ಕಿಯ ಅನ್ನ ಮಾರುತ್ತಿದ್ದ ಹೆಂಗಸಿನ ಬುಟ್ಟಿಯಲ್ಲಿ ಒಂದು ರಾಶಿ ಅಚ್ಚ ಕೆನ್ನೇರಳೆ ಬಣ್ಣದ್ದಿತ್ತು. ಬಣ್ಣ ಹಾಕಿದ್ದಾರೆಂದು ಮುಂದೆ ಹೋಗುತ್ತಿದ್ದ ನನ್ನನ್ನು ತಡೆದು ಆಕೆ ಒಂದು ಹಿಡಿ ಎಲೆ ತೋರಿಸಿದಳು. ಆಟಿ ತಿಂಗಳ ಹದಿನೆಂಟರಂದು ಮದ್ದುಸೊಪ್ಪು ಎಂಬ ಔಷಧಿ ಸೊಪ್ಪನ್ನು ಬೇಯಿಸಿದ ನೀರಿನಲ್ಲಿ ನಾವು ಮಾಡುವ ಪಾಯಸದ್ದು ಇದೇ ಬಣ್ಣ. ಆಮೇಲೆ ತಿಳಿದುಕೊಂಡಂತೆ ಎರಡೂ ಬೇರೆ ಬೇರೆ ಗಿಡಗಳೇ ಆದರೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಮದ್ದುಸೊಪ್ಪಿನ ಔಷಧೀಯ ಪರಿಮಳ ಮಾತ್ರ ಆ ಅನ್ನಕ್ಕಿರಲಿಲ್ಲ.

ಹನೋಯಿಯಿಂದ ಒಂದು ಗಂಟೆಯ ಹಾರಾಟ ಮುಗಿಸಿ ಲಾವೋಸಿನ ಲುಆಂಗ್ ಪ್ರಬಾಂಗ್‌ನಲ್ಲಿ ಇಳಿದಾಗ ಸದ್ದು ಒಮ್ಮೆಗೇ ಇಳಿದುಹೋಯಿತು. ಮೆಕಾಂಗ್ ನದಿಗೆ ನಮ್ ಖಾನ್ ಎಂಬ ಚಿಕ್ಕ ನದಿ ಬಂದು ಸೇರುವ ಮೂಲೆಯಲ್ಲಿರುವ ಈ ಊರು 1995ರಿಂದ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಬೆಳಗಿನ ಜಾವ ಕಾವಿಯುಟ್ಟ ಭಿಕ್ಕುಗಳು ಸಾಲಾಗಿ ಬಂದು ಅಂಟಕ್ಕಿಯ ಭಿಕ್ಷೆ ಸ್ವೀಕರಿಸುವುದನ್ನು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದೆವು. ಮೊಬೈಲನ್ನು ಅವರ ಮುಖಕ್ಕೆ ಹಿಡಿಯುವ ಪ್ರವಾಸಿಗರನ್ನು ಕಂಡು, ತಲಕಾವೇರಿಯ ಕುಂಡಿಕೆಯ ಮುಂದೆ ತೀರ್ಥೋದ್ಭವದ ದಿನ ನಡೆಯುವ ನೂಕುನುಗ್ಗಲು ನೆನಪಾಗಿ ನಾನು ಫೋಟೊ ತೆಗೆಯದೆ ಬಂದೆ. ಅಲ್ಲಿಂದ ರಾಜಧಾನಿ ವಿಯೆಂಟಿಯಾನ್‌ಗೆ ಹೋದದ್ದು 2021ರ ಡಿಸೆಂಬರ್‌ನಲ್ಲಿ ಆರಂಭವಾದ ಚೀನಾ–ಲಾವೋಸ್ ರೈಲಿನಲ್ಲಿ. ಹಿಂದೆ ಬೆಟ್ಟದ ತಿರುವುಗಳಲ್ಲಿ ಇಡೀ ದಿನ ಹಿಡಿಯುತ್ತಿದ್ದ ದಾರಿಯನ್ನು ಸುರಂಗದಿಂದ ಸುರಂಗಕ್ಕೆ ನುಗ್ಗುತ್ತ ಎರಡು ಗಂಟೆಯಲ್ಲಿ ಮುಗಿಸಿತು. ರೈಲು ಹಳಿಯೇ ಇಲ್ಲದ ಜಿಲ್ಲೆಯಿಂದ ಹೋದ ನಾವು ಗುಡ್ಡಗಾಡಿನ ಬಡ ದೇಶವೊಂದರಲ್ಲಿ ಇದನ್ನು ನೋಡಿ ಏನು ಹೇಳಬೇಕೆಂದು ತಿಳಿಯದೆ ಕುಳಿತೆವು. ಕೊಡಗಿಗೆ ರೈಲು ಬೇಕೋ ಬೇಡವೋ ಎಂಬ ನಮ್ಮೂರಿನ ವಾದ ವಿಯೆಂಟಿಯಾನ್ ಬರುವವರೆಗೂ ನಮ್ಮಿಬ್ಬರ ನಡುವೆ ನಡೆಯಿತು. ಇವರು ಬೇಕೆನ್ನುವವರು, ನಾನು ಬೇಡವೆನ್ನುವವಳು.

ದಕ್ಷಿಣ ಲಾವೋಸಿನ ಪಾಕ್ಸೆಯಲ್ಲಿ ಮೂರು ದಿನ ಇದ್ದದ್ದಕ್ಕೆ ಕಾರಣ ಬೋಲಾವೆನ್ ಪ್ರಸ್ಥಭೂಮಿ. ಸಾವಿರ ಮೀಟರಿಗೂ ಮೇಲಿನ ಕೆಂಪುಮಣ್ಣಿನ ಈ ನೆಲಕ್ಕೆ ಫ್ರೆಂಚರು ಕಾಫಿ ತಂದರು. ಗಾಳಿ, ಥಂಡಿ, ಬೆಳಗಿನ ಇಬ್ಬನಿ ಎಲ್ಲ ಮಡಿಕೇರಿಯದೇ. ಒಂದು ಚಿಕ್ಕ ತೋಟಕ್ಕೆ ಹೋದಾಗ ಇವರು ಅಭ್ಯಾಸದಂತೆ ದಾರಿ ಬಿಟ್ಟು ಒಂದು ಗಿಡದ ಬುಡ ನೋಡಲು ಒಳಗೆ ಕಾಲಿಟ್ಟರು. ಅಲ್ಲಿಯವರೆಗೆ ನಗುನಗುತ್ತ ಮಾತಾಡುತ್ತಿದ್ದ ನಮ್ಮ ಮಾರ್ಗದರ್ಶಿ ಹುಡುಗ ಜೋರಾಗಿ ಕೂಗಿ ಅವರ ತೋಳು ಹಿಡಿದು ಎಳೆದ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಈ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬ್ ಸುರಿದವು. ಸಿಡಿಯದೆ ಮಣ್ಣಿನಲ್ಲಿ ಉಳಿದವು ಇಂದಿಗೂ ಹೊಲ ಅಗೆಯುವವರನ್ನು ಕೊಲ್ಲುತ್ತಿವೆ. ಈ ತೋಟದ ಗಿಡಗಳ ಸಾಲು ಪರೀಕ್ಷೆಯಾಗಿದೆ, ಆದರೆ ಬೇಲಿಯಾಚೆಯ ಜಾಗ ಆಗಿಲ್ಲ, ಇವರು ಬೇಲಿಯ ಹತ್ತಿರ ಹೋಗುತ್ತಿದ್ದರು ಎಂದು ಆ ಹುಡುಗ ಆಮೇಲೆ ಸಮಾಧಾನವಾಗಿ ವಿವರಿಸಿದ. ನಮ್ಮಲ್ಲಿ ಬೆಳಗ್ಗೆ ಆಳುಗಳನ್ನು ತೋಟಕ್ಕೆ ಕಳುಹಿಸುವ ಮೊದಲು ಆನೆ ಒಳಗಿದೆಯೇ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಚಾರಿಸುತ್ತೇವೆ. ಆನೆಯಾದರೆ ಲದ್ದಿ ಹಾಕುತ್ತದೆ, ಕೊಂಬೆ ಮುರಿಯುತ್ತದೆ, ಇರುವುದು ಗೊತ್ತಾಗುತ್ತದೆ. ನಾವು ಉಳಿದಿದ್ದ ಮನೆಯ ಮುಂದೆ ತುಕ್ಕು ಹಿಡಿದ ಬಾಂಬಿನ ಹೊರಕವಚವೊಂದರಲ್ಲಿ ಈರುಳ್ಳಿ ಸೊಪ್ಪು ಬೆಳೆಸಿದ್ದರು. ಅಡುಗೆಗೆ ಬೇಕಾದಾಗ ಮನೆಯಾಕೆ ಬಂದು ಕತ್ತರಿಯಿಂದ ಕತ್ತರಿಸಿಕೊಂಡು ಹೋಗುತ್ತಿದ್ದಳು.

ಪಾಕ್ಸೆಯ ಹತ್ತಿರದ ವಾಟ್ ಫೂ, ಕಾಂಬೋಡಿಯಾದ ಅಂಗ್ಕೋರ್ ದೇವಾಲಯಗಳಿಗಿಂತಲೂ ಹಳೆಯ ಶಿವಕ್ಷೇತ್ರ. ಬೆಟ್ಟದ ತುದಿಯೇ ಲಿಂಗದಂತೆ ಕಾಣುವುದರಿಂದ ಆ ಜಾಗ ಪವಿತ್ರವಾಯಿತಂತೆ. ಬಂಡೆಯಡಿಯ ಚಿಲುಮೆಯ ನೀರನ್ನು ಕಲ್ಲಿನ ದೋಣಿಯಲ್ಲಿ ಹರಿಸಿ ಗರ್ಭಗುಡಿಯ ಲಿಂಗದ ಮೇಲೆ ಬೀಳುವಂತೆ ಮಾಡಿದ್ದರು. ಈಗ ಒಳಗಿರುವುದು ಬುದ್ಧ. ಚಿಲುಮೆ ಇನ್ನೂ ಹನಿಯುತ್ತದೆ. ಒಂದು ತಿಂಗಳ ಹಿಂದೆ ತುಲಾ ಸಂಕ್ರಮಣಕ್ಕೆ ತಂದು ಮನೆಯಲ್ಲಿಟ್ಟಿದ್ದ ಕಾವೇರಿ ತೀರ್ಥ ನೆನೆದು, ಆ ನೀರನ್ನು ತಲೆಗೆ ಚಿಮುಕಿಸಿಕೊಂಡೆವು.

ಕಾಂಬೋಡಿಯಾದ ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ 2023ರ ಅಕ್ಟೋಬರ್‌ನಲ್ಲಿ ಆರಂಭವಾದದ್ದು. ಊರಿನಿಂದ 40 ಕಿಲೋಮೀಟರಿಗೂ ದೂರ. ಅಂಗ್ಕೋರ್ ನೋಡಲು ಮೂರು ದಿನದ ಟಿಕೆಟ್ಟಿಗೆ ತಲಾ 62 ಡಾಲರ್, ಮುಖದ ಫೋಟೊ ಸಹಿತ ಅಚ್ಚುಹಾಕಿ ಕೊಡುತ್ತಾರೆ. ಇವರು ಎಲ್ಲ ಖರ್ಚನ್ನೂ ಚೆರಿಯ ಚೀಲದ ಲೆಕ್ಕದಲ್ಲೇ ಅಳೆಯುತ್ತಿದ್ದರು. “ಒಂದು ಚೀಲ ಇಲ್ಲೇ ಹೋಯಿತು” ಎಂದರು. ಆದರೆ ಅಂಗ್ಕೋರ್ ವಾಟ್‌ನ ಪಶ್ಚಿಮದ ಕಲ್ಲುಹಾದಿಯಲ್ಲಿ, ಐದು ಗೋಪುರಗಳ ಹಿಂದಿನಿಂದ ಸೂರ್ಯ ಮೇಲೆ ಬಂದಾಗ ಚೀಲದ ಮಾತು ನಿಂತಿತು. ಎರಡನೆಯ ಸೂರ್ಯವರ್ಮ 12ನೆಯ ಶತಮಾನದ ಮೊದಲರ್ಧದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ ದೇವಾಲಯ ಇದು. ಅದೇ ಕಾಲದಲ್ಲಿ, 1117ರಲ್ಲಿ, ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದ. ಸಮುದ್ರದ ಎರಡು ದಡಗಳಲ್ಲಿ ಇಬ್ಬರು ಅರಸರು ಒಬ್ಬರನ್ನೊಬ್ಬರು ತಿಳಿಯದೆಯೇ ಒಂದೇ ದೇವರಿಗೆ ಕಲ್ಲು ಕಡೆಸುತ್ತಿದ್ದರು. ಬೇಲೂರಿನ ಸೂಕ್ಷ್ಮ ಇಲ್ಲಿಲ್ಲ ಎಂದು ನನಗೆ ಅನ್ನಿಸಿತು, ಇಲ್ಲಿಯ ಹರವು ಬೇಲೂರಿಗಿಲ್ಲ. ಪೂರ್ವದ ಮೊಗಸಾಲೆಯ ಗೋಡೆಯಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಸಮುದ್ರ ಮಥನ: ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು ವಾಸುಕಿಯನ್ನು ಹಿಡಿದೆಳೆಯುತ್ತಾರೆ, ಕೆಳಗೆ ಕಡೆದ ನೀರಿನಲ್ಲಿ ಮೀನು ಮೊಸಳೆಗಳು ತುಂಡುತುಂಡಾಗುತ್ತವೆ. ನಾಲ್ಕು ಜನ ಹಿಡಿದರೆ ನಾಲ್ಕು ಕಡೆಗೆ ಎಳೆಯುವ ನಮ್ಮ ಸಹಕಾರ ಸಂಘದ ಸಭೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಇವರು ಅಲ್ಲಿಯೇ ನಿಂತು ವಿವರಿಸಿದರು. ಮರದ ಬೇರುಗಳು ಗೋಡೆಯನ್ನು ಹಿಡಿದಿರುವ ತಾ ಪ್ರೋಮ್‌ನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸಂರಕ್ಷಣೆಯ ಕೆಲಸದಲ್ಲಿ ಕೈಜೋಡಿಸಿದೆ. ಫಲಕದಲ್ಲಿ ನಮ್ಮ ಬಾವುಟ ಕಂಡಾಗ ಕಾರಣವಿಲ್ಲದೆ ಸಂತೋಷವಾಯಿತು.

ನಮ್ಮ ಪ್ರವಾಸದ ಒಂದೇ ಜಗಳ ನಡೆದದ್ದೂ ಸಿಯೆಮ್ ರೀಪ್‌ನಲ್ಲಿಯೇ. ಕಾಂಬೋಡಿಯಾದ ಕಾಂಪೋಟ್ ಕರಿಮೆಣಸಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಐರೋಪ್ಯ ಒಕ್ಕೂಟವೂ 2016ರಲ್ಲಿ ಅದನ್ನು ಒಪ್ಪಿದೆ. ದಕ್ಷಿಣದ ಕಡಲತೀರದ ಆ ಊರಿಗೆ ಹೋಗಿ ಬಳ್ಳಿ ನೋಡಿಯೇ ಬರಬೇಕೆಂದು ಇವರು ಹಟ ಹಿಡಿದರು. ಇದು ಮದುವೆಯ ವಾರ್ಷಿಕೋತ್ಸವವೋ ಕಾಫಿ ಮಂಡಳಿಯ ಅಧ್ಯಯನ ಪ್ರವಾಸವೋ ಎಂದು ನಾನು ಕೇಳಿದೆ. ರಾತ್ರಿ ಊಟ ಬೇರೆ ಬೇರೆ ಹೊತ್ತಿಗೆ ಆಯಿತು. ಮರುದಿನ ಮಾರುಕಟ್ಟೆಯಲ್ಲಿ ನಾನೇ 100 ಗ್ರಾಮಿನ ಪೊಟ್ಟಣ ಕೊಂಡು ಕೊಟ್ಟೆ. ಅವರು ಒಂದು ಕಾಳು ಹಲ್ಲಿನಡಿ ಒಡೆದು, ಕಣ್ಣು ಮುಚ್ಚಿ, ಚೆನ್ನಾಗಿದೆ ಎಂದರು. ಬೆಲೆ ನೋಡಿ ಇನ್ನೂ ಚೆನ್ನಾಗಿದೆ ಎಂದರು. ಬಳ್ಳಿಯನ್ನು ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿ, ಕುಯ್ದದ್ದನ್ನು ಯಾವ ಹೆಸರೂ ಇಲ್ಲದ ಗೋಣಿಚೀಲದಲ್ಲಿ ಮಾರುವ ನಮಗೆ ಆ ಪೊಟ್ಟಣದ ಮೇಲಿನ ಮುದ್ರೆ ಸ್ವಲ್ಪ ಚುಚ್ಚಿತು ಎನ್ನುವುದೂ ನಿಜ.

ರಾಜಧಾನಿ ನೋಮ್ ಪೆನ್‌ನಲ್ಲಿ ಒಂದು ರಾತ್ರಿ ಕಳೆದು ಬಸ್ಸಿನಲ್ಲಿ ಮೋಕ್ ಬಾಯ್ ಗಡಿಯ ಮೂಲಕ ಮತ್ತೆ ವಿಯೆಟ್ನಾಂ ಪ್ರವೇಶಿಸಿದೆವು. ಬಸ್ಸಿನ ಹುಡುಗ ಎಲ್ಲರ ಪಾಸ್‌ಪೋರ್ಟ್ ಒಟ್ಟುಮಾಡಿ ಕಿಟಕಿಯೊಳಗೆ ಕೊಟ್ಟಾಗ, ಅತ್ತೆಯ ಮಾತು ಕೇಳದಿದ್ದರೆ ಈ ಗಳಿಗೆಯಲ್ಲಿ ನಮ್ಮ ಗತಿ ಏನಾಗುತ್ತಿತ್ತು ಎಂದು ಯೋಚಿಸುತ್ತ ನಿಂತಿದ್ದೆ. ಅಧಿಕಾರಿ ವೀಸಾದ ಕಾಗದವನ್ನು ಒಮ್ಮೆ ನೋಡಿ ಮುದ್ರೆ ಒತ್ತಿದರು. ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. ಅವರು ಅಟ್ಲಾಸ್ ಪಕ್ಕದಲ್ಲೇ ಇಟ್ಟುಕೊಂಡಿದ್ದರು.

ಹೋ ಚಿ ಮಿನ್ ನಗರದಿಂದ ಒಂದು ಗಂಟೆಯ ವಿಮಾನ ಬುವಾನ್ ಮಾ ಥುವೊಟ್‌ಗೆ. ಡಾಕ್ ಲಾಕ್ ಪ್ರಾಂತ್ಯದ ಈ ಊರೇ ವಿಯೆಟ್ನಾಂ ಕಾಫಿಯ ತವರು. ನವೆಂಬರ್ ಅವರಿಗೆ ಕುಯ್ಲಿನ ಕಾಲ; ಅಂಗಳ, ಓಣಿ, ರಸ್ತೆಯಂಚು ಎಲ್ಲೆಲ್ಲೂ ಕಾಫಿ ಹರಡಿದ್ದರು. ಹೋಟೆಲಿನವರು ಪರಿಚಯಿಸಿದ ಯುವಕನೊಬ್ಬ ತನ್ನ ಚಿಕ್ಕಮ್ಮನ ತೋಟಕ್ಕೆ ನಮ್ಮನ್ನು ಕರೆದೊಯ್ದ. ಅವರು ಎಡೆ ಎಂಬ ಬುಡಕಟ್ಟಿನವರು. ಐವತ್ತರ ಆಸುಪಾಸಿನ ಆಕೆಗೆ ಒಂದು ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು ಜಮೀನು. ನಮ್ಮ ತೋಟದಲ್ಲಿ ಕತ್ತೆತ್ತಿದರೆ ಅತ್ತಿ, ಬೀಟೆ, ಹಲಸು, ಸಿಲ್ವರ್. ಅಲ್ಲಿ ಕತ್ತೆತ್ತಿದರೆ ಬಿಸಿಲು. ಪ್ರತಿ ಗಿಡದ ಸುತ್ತ ಬಾಣಲೆಯಂಥ ಪಾತಿ ಕಟ್ಟಿದ್ದರು. ಬೇಸಗೆಯಲ್ಲಿ ಬಾವಿಯ ನೀರನ್ನು ಪೈಪಿನಲ್ಲಿ ತಂದು ಒಂದೊಂದು ಪಾತಿಯನ್ನೂ ತುಂಬಿಸುತ್ತಾರೆ, ಆ ನೀರಿಗೆ ಹೂ ಬಿಡುತ್ತದೆ. ಆಳೆತ್ತರಕ್ಕೆ ತಲೆ ಕತ್ತರಿಸಿ ನಿಲ್ಲಿಸಿದ ಗಿಡಗಳ ರೆಕ್ಕೆಗಳು, ಅಂದರೆ ಅಡ್ಡಕೊಂಬೆಗಳು, ಕಾಯಿಯ ಭಾರಕ್ಕೆ ನೆಲ ಮುಟ್ಟುತ್ತಿದ್ದವು. ಅಲ್ಲಿ ಸರಾಸರಿ ಇಳುವರಿ ಹೆಕ್ಟೇರಿಗೆ ಎರಡೂವರೆ ಟನ್ನಿನ ಆಸುಪಾಸು. ನಮ್ಮ ದೇಶದ ರೋಬಸ್ಟಾದ್ದು ಸುಮಾರು ಒಂದು ಟನ್. ಇವರು ಒಂದು ರೆಕ್ಕೆಯನ್ನು ಅಂಗೈಯ ಮೇಲೆ ಇಟ್ಟುಕೊಂಡು ಗೆಣ್ಣು ಗೆಣ್ಣಾಗಿ ಕಾಯಿ ಎಣಿಸಿದರು. ಮತ್ತೆ ಮೊದಲಿನಿಂದ ಎಣಿಸಿದರು.

ಹೂವಿನ ವಿಷಯ ಬಂದಾಗ ಇವರು ನಮ್ಮ ಹೂಮಳೆಯನ್ನು, ಅಂದರೆ ಕಾಫಿ ಹೂ ಅರಳಲು ಬೇಕಾದ ಬೇಸಗೆಯ ಮಳೆಯನ್ನು, ವಿವರಿಸಲು ಹೊರಟು, ಇಂಗ್ಲಿಷಿನಲ್ಲಿ ತಡವರಿಸಿ, ಕೊನೆಗೆ ಮೊಬೈಲಿಗೆ ಕನ್ನಡದಲ್ಲೇ “ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ನಮಗೆ ಬೆಳೆಯಿಲ್ಲ” ಎಂದರು. ಮೊಬೈಲು ಅದನ್ನು ಅವರ ಭಾಷೆಗೆ ತಿರುಗಿಸಿ ಹೇಳಿದ ಕೂಡಲೇ ಆಕೆ ಆಕಾಶ ನೋಡಿ ಗೊಳ್ಳನೆ ನಕ್ಕರು. ನಿಮ್ಮ ದೇಶದಲ್ಲಿ ಆಕಾಶದಿಂದ ಹೂವು ಬೀಳುತ್ತದೆಯೇ ಎಂದು ಕೇಳಿದರಂತೆ.

ಬರದ ಕಥೆಯನ್ನು ನಾವು ಕೇಳಲಿಲ್ಲ, ಅವರೇ ಹೇಳಿದರು. ಆ ಬೇಸಗೆಯಲ್ಲಿ ಬಾವಿ ಬತ್ತಿತು. ಸಾಲ ಮಾಡಿ ಇನ್ನೂ ಆಳಕ್ಕೆ ತೋಡಿಸಿದರು. ಬಂದ ನೀರನ್ನು ಮೂರು ಮನೆಯವರು ರಾತ್ರಿ ಸರದಿಯಂತೆ ಹಂಚಿಕೊಂಡರು. ಕೆಳಗಿನ ತುದಿಯ ಇನ್ನೂರು ಗಿಡ ಒಣಗಿತು. ಅಲ್ಲೀಗ ಸೊಂಟದೆತ್ತರದ ದುರಿಯನ್ ಸಸಿಗಳಿದ್ದವು. ಇದ್ದ ಕಾಫಿಯನ್ನು ಸಾಲ ತೀರಿಸಲೆಂದು ಮೊದಲೇ ಮಾರಿದ್ದರು. ಬೆಲೆ ಏರಿದ್ದು ಅದಾದ ಮೇಲೆ. “ನೀವು ಯಾವಾಗ ಮಾರಿದಿರಿ?” ಎಂದು ಆಕೆ ಇವರನ್ನು ಕೇಳಿದರು. ಇವರು ನನ್ನ ಮುಖ ನೋಡಿದರು. ಲೆಕ್ಕ ಬರೆಯುವವಳು ನಾನು. ಸುಳ್ಳು ಹೇಳುವುದು ಸರಿಯೆನಿಸಲಿಲ್ಲ. ನಾವು ಏಪ್ರಿಲ್‌ವರೆಗೆ ಕಾದು ಮಾರಿದೆವು, ಒಳ್ಳೆಯ ಬೆಲೆ ಸಿಕ್ಕಿತು, ಆ ಹಣದಲ್ಲೇ ಈ ಪ್ರವಾಸ ಬಂದಿದ್ದೇವೆ ಎಂದು ಹೇಳಿದೆ. ಯುವಕ ಒಂದು ಕ್ಷಣ ಅನುಮಾನಿಸಿ ಅನುವಾದ ಮಾಡಿದ. ಆಕೆ ಸುಮ್ಮನೆ ಫಿನ್‌ನಿಂದ ಇಳಿಯುತ್ತಿದ್ದ ಹನಿಗಳನ್ನು ನೋಡಿದರು. ನಂತರ ಲೋಟವನ್ನು ನನ್ನ ಕಡೆ ಸರಿಸುತ್ತ, “ಹಾಗಾದರೆ ಇನ್ನೊಂದು ವರ್ಷ ನಿಮ್ಮಲ್ಲಿ ಮಳೆ ಬಾರದಿರಲಿ, ಆಗ ನಾನು ನಿಮ್ಮೂರು ನೋಡಲು ಬರುತ್ತೇನೆ” ಎಂದರು. ಎಲ್ಲರೂ ನಕ್ಕೆವು. ಇವರು ಸ್ವಲ್ಪ ತಡವಾಗಿ ನಕ್ಕರು.

ವಾರ್ಷಿಕೋತ್ಸವದ ಮಾತು ತಿಳಿದ ಮೇಲೆ ಆಕೆಯ ಪ್ರಶ್ನೆಗಳು ನನ್ನ ಕಡೆ ತಿರುಗಿದವು. ಎಡೆಯವರಲ್ಲಿ ಮನೆ ಮಗಳದ್ದು. ಹುಡುಗಿಯ ಕಡೆಯವರೇ ಹುಡುಗನನ್ನು ಕೇಳಲು ಹೋಗುತ್ತಾರೆ, ಅವನ ಮನೆಯವರಿಗೆ ಉಡುಗೊರೆ ಕೊಟ್ಟು ಕರೆತರುತ್ತಾರೆ, ಅವನು ಹೆಂಡತಿಯ ಮನೆಯಲ್ಲಿ ಬಾಳುತ್ತಾನೆ, ಆಸ್ತಿ ಹೆಣ್ಣುಮಕ್ಕಳಿಗೆ. “ಇವರನ್ನು ತರಲು ನಿಮ್ಮ ಮನೆಯವರು ಎಷ್ಟು ಕೊಟ್ಟರು?” ಎಂದು ಕೇಳಿದರು. ನಮ್ಮಲ್ಲಿ ನಾನೇ ಇವರ ಮನೆಗೆ ಹೋದದ್ದು ಎಂದಾಗ, ಇಪ್ಪತ್ತೈದು ವರ್ಷವೂ ಅತ್ತೆಯ ಮನೆಯಲ್ಲೇ ಇದ್ದೆಯಾ ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈ ನನ್ನ ಕೈಯಂತೆಯೇ ಇತ್ತು, ಕಾಫಿ ಕುಯ್ದು ಉಗುರಿನ ಸಂದಿಯಲ್ಲಿ ಕಪ್ಪು ಕೂತಿತ್ತು.

ಹೊರಡುವಾಗ ಇವರು ಅಲ್ಲಿಯ ಒಂದು ಗಿಡದ ಚಿಗುರುಕಡ್ಡಿಯನ್ನು ಕಸಿಗಾಗಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವ ಯೋಚನೆ ಮಾಡಿದ್ದರು. ಪರವಾನಗಿ ಇಲ್ಲದೆ ಸಸ್ಯ ತರುವುದು ಅಪರಾಧ, ಹೊಸ ರೋಗ ತಂದರೆ ಇಡೀ ಕೊಡಗು ನಮ್ಮನ್ನು ಶಪಿಸುತ್ತದೆ ಎಂದು ನಾನು ಬಿಡಲಿಲ್ಲ. ಎರಡು ಫಿನ್ ಮಾತ್ರ ತಂದೆವು. ಹದಿನೇಳು ದಿನದ ಪ್ರವಾಸಕ್ಕೆ ಒಟ್ಟು ನಾಲ್ಕು ಲಕ್ಷ, ಇವರ ಲೆಕ್ಕದಲ್ಲಿ ನಲವತ್ತು ಚೀಲ.

ಆ ಯುವಕನ ನಂಬರು ಇವರ ಮೊಬೈಲಿನಲ್ಲಿದೆ. ಕುಯ್ಲು ಮುಗಿದು, ಚೆರಿ ಕಣದಿಂದ ಗೋದಾಮಿಗೆ ಹೋಗಿ, ಮಾರ್ಚ್‌ನ ಒಂದು ಸಂಜೆ ಗುಡುಗಿ ಮಳೆ ಬಂತು. ಇವರು ಟಾರ್ಚ್ ಹಿಡಿದು ಮಳೆಮಾಪಕ ನೋಡಿ ಬಂದರು: ಒಂದು ಇಂಚು ಹತ್ತು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್). ಎಂಟು ದಿನಕ್ಕೆ ತೋಟವೆಲ್ಲ ಬೆಳ್ಳಗಾಯಿತು. ಆ ಫೋಟೊ ತೆಗೆದು ಆಕೆಗೆ ಕಳುಹಿಸಲೇ ಎಂದು ನನ್ನನ್ನು ಕೇಳಿದರು. ಅಲ್ಲಿ ಮಳೆ ಹೇಗಿದೆಯೆಂದು ಮೊದಲು ಕೇಳಿ ನೋಡಿ ಎಂದೆ. ಸಂದೇಶ ಬರೆದು, ಮತ್ತೆ ಅಳಿಸಿ, ಸ್ವಲ್ಪ ಹೊತ್ತು ಮೊಬೈಲು ಹಿಡಿದುಕೊಂಡೇ ಜಗಲಿಯಲ್ಲಿ ಕುಳಿತಿದ್ದರು.